ಆರು ಗೌನುಗಳ ಅರ್ಜಿ

ಜುಲೈ 8, 1986. ಮಂಗಳವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಹುಬ್ಬಳ್ಳಿ ಬಸ್ಸು ತಡವಾಗಿ ಬಂತು, ಟಪಾಲು ಚೀಲದ ಒಂದು ಮಗ್ಗುಲು ಪೂರ್ತಿ ಒದ್ದೆ. ಈ ಕಲಘಟಗಿಯ ಮಳೆಗೂ ನನ್ನ ಮೊಣಕಾಲಿಗೂ ಏನೋ ಹಳೆಯ ದ್ವೇಷವಿದೆ. ಚೀಲ ಬಿಚ್ಚಿದರೆ ಒಳಗೊಂದು ವಿದೇಶಿ ಪಾರ್ಸೆಲ್. ಮಸ್ಕತ್‌ನಿಂದ ಹಲೀಮಾಬಿಯ ಹೆಸರಿಗೆ ಬಂದದ್ದು, ಕಳಿಸಿದವನು ಅವಳ ಮಗ ಅಲ್ಲಾಭಕ್ಷ. ಮೇಲೆ ಕಸ್ಟಮ್ಸಿನವರ ಚೀಟಿ: ‘ಹೆಂಗಸರ ಗೌನು, ಆರು. ಹೊರ ಉಡುಪು.’ ಅದರ ಕೆಳಗೆ ಸುಂಕ, ಆರುನೂರ ಎಂಬತ್ತು ರೂಪಾಯಿ. ಅದನ್ನು ವಸೂಲು ಮಾಡಿಕೊಂಡೇ ಪೋಸ್ಟ್‌ಮಾಸ್ತರನಾದ ನಾನು ಪಾರ್ಸೆಲ್ ಕೈಗೆ ಕೊಡಬೇಕು.

ಮಧ್ಯಾಹ್ನ ಹಲೀಮಾಬಿಯ ಮಗಳು ರಜಿಯಾಬಿ ಬಂದಳು. ಕೌದಿ ಹೊಲಿದು ಸಂಸಾರ ತೂಗಿಸುವವಳು. ಸುಂಕದ ಮೊತ್ತ ಕೇಳಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

“ಇಷ್ಟ್ ರೊಕ್ಕಾ ಯಾಕ್ರಿ ಮಾಸ್ತರ್ರ? ಮಗ ತಾಯಿಗೆ ಅರಿವಿ ಕಳಿಸಿದ್ರ ಸರಕಾರಕ್ಕ ಯಾಕ ಕೊಡಬೇಕ್ರಿ?”

“ಗೌನು ಅಂತ ಬರದಾನವಾ ನಿಮ್ಮಣ್ಣ. ಗೌನಿಗೆ ಇಷ್ಟು ಅಂತ ಅವರ ಪುಸ್ತಕದಾಗ ಐತಿ. ಆ ಪುಸ್ತಕ ನಾ ಬರದಿಲ್ಲ.”

ಮಾತು ಒರಟಾಯಿತೇನೋ. ಆದರೆ ಇದ್ದದ್ದನ್ನೇ ಹೇಳಿದೆ. ಮನೆಗೆ ಬರುವ ಹೊತ್ತಿಗೆ ಕೆಲಸದ ಲಕ್ಷ್ಮವ್ವ ಮನೆಯಾಕೆಯ ಆರೈಕೆ ಮುಗಿಸಿ ಹೊರಟಿದ್ದಳು. ಹೇಗಿದ್ದಾಳೆ ಎಂದೆ. “ಹಂಗs ಅದಾರ್ರಿ” ಎಂದಳು. ಊಟ ಮಾಡಿ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿಕೊಂಡೆ.

ಜುಲೈ 10, ಗುರುವಾರ

ಪೋಸ್ಟ್‌ಮನ್ ತಿರಕಪ್ಪ ಇವತ್ತು ಮತ್ತೆ ಕೇಳಿದ: “ಅಕ್ಕಾರ ಸೊಂಟ ಹೆಂಗೈತ್ರಿ ಸಾಹೇಬ್ರ?” ಸ್ವಲ್ಪ ಕಡಿಮೆ ಎಂದೆ. ಹದಿನಾಲ್ಕು ತಿಂಗಳಿಂದ ಸ್ವಲ್ಪ ಕಡಿಮೆಯೇ ಆಗುತ್ತಿದೆ.

ಸೊಂಟವಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಲಕ್ವಾ ಹೊಡೆದು ಮನೆಯಾಕೆಯ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಣ್ಣಿಗೇರಿಯ ಮಗಳು ಎರಡು ತಿಂಗಳಿದ್ದು ತನ್ನ ಸಂಸಾರಕ್ಕೆ ಹೋದಳು. ಅಲ್ಲಿಂದ ಲಕ್ಷ್ಮವ್ವ ದಿನಕ್ಕೆ ಎರಡು ಸಲ ಬಂದು ಮೈ ಒರೆಸಿ ಸೀರೆ ಬದಲಿಸಿ ಹೋಗುತ್ತಾಳೆ. ಆ ಹೊತ್ತಿಗೆ ನಾನು ಅಂಗಳದಲ್ಲಿರುತ್ತೇನೆ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಹೆಂಡತಿಯ ಸುದ್ದಿಯನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಹೇಗೆ ಹೇಳುವುದು? ಸೊಂಟನೋವು ಎಂದು ಒಮ್ಮೆ ಬಾಯಿಂದ ಬಂತು, ಹಾಗೇ ಉಳಿಯಿತು.

ಜುಲೈ 14, ಸೋಮವಾರ

ರಜಿಯಾಬಿ ಅಣ್ಣನ ಕಾಗದ ಹಿಡಿದುಕೊಂಡು ಬಂದಳು. ಕಟ್ಟೆಯ ಮೇಲಿನ ಮಂದಿ ಕರಗುವವರೆಗೂ ಕಾದು ನಿಂತು ಆಮೇಲೆ ಕೊಟ್ಟಳು. ಓದಿದೆ. ಅವಳ ತಾಯಿಗೂ ಲಕ್ವಾ ಹೊಡೆದು ಎಂಟು ತಿಂಗಳಾಯಿತಂತೆ, ಎದ್ದು ಕೂಡಲು ಆಗುವುದಿಲ್ಲವಂತೆ. ನನಗೆ ಗೊತ್ತಿರಲಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಹೆಂಗಸರಿಗೆ ತೊಡಿಸುವಂಥ ಬಟ್ಟೆಯನ್ನು ನೋಡಿ ಮಗ ಆರು ಕೊಂಡು ಕಳಿಸಿದ್ದಾನೆ. ಮುಂದಿನದನ್ನು ಅವನ ಮಾತಲ್ಲೇ ಬರೆದುಕೊಳ್ಳುತ್ತೇನೆ:

‘ಫಾರ್ಮು ತುಂಬುವವನು ಒಳಗೆ ಏನಿದೆ ಎಂದು ಜೋರಾಗಿ ಕೇಳಿದ. ಹಿಂದೆ ನಮ್ಮ ಕಡೆಯವರೇ ನಾಲ್ಕು ಮಂದಿ ಸಾಲಿನಲ್ಲಿದ್ದರು. ಅಮ್ಮ ಮಲಗಿದಲ್ಲೇ ತೊಡುವ ಅರಿವೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಗೌನು ಎಂದುಬಿಟ್ಟೆ.’

ಎಂಥ ಮಳ್ಳ! ತಾಯಿಯ ಕಾಯಿಲೆ ಹೇಳಲು ನಾಚಿ ಮನೆಯವರ ತಲೆಯ ಮೇಲೆ ಸುಂಕದ ಕಲ್ಲು ಹೊರಿಸಿದ್ದಾನೆ. ಮಲಗುವ ಉಡುಪು ಎಂದು ಬರೆಸಿದ್ದರೆ ಬೇರೆ ದರ, ರೋಗಿಯ ಸ್ವಂತ ಬಳಕೆಗೆ ಎಂದಿದ್ದರೆ ಇನ್ನೂ ಕಡಿಮೆ.

ಮರುಪರಿಶೀಲನೆಗೆ ಅರ್ಜಿ ಹಾಕಲು ಬರುತ್ತದೆ ಎಂದೆ. ಹೇಳಬಾರದಿತ್ತು. “ಹಂಗಾರ ನೀವs ಬರದು ಕೊಡ್ರಿ ಮಾಸ್ತರ್ರ, ನಮಗ ಇಂಗ್ಲಿಷ್ ಎಲ್ಲಿ ಬರಬೇಕ್ರಿ” ಎಂದು ಅಲ್ಲೇ ನಿಂತಳು. ನಾಲ್ಕು ಸಾಲು ಗೀಚಿ ಕಳಿಸಿದೆ. ಉತ್ತರ ಬರುವ ತನಕ ಪಾರ್ಸೆಲ್ ನನ್ನ ಬೀರುವಿನಲ್ಲಿ ಇರುತ್ತದೆ.

ಜುಲೈ 22, ಮಂಗಳವಾರ

ಮಳೆ. ಮೊಣಕಾಲು. ಬರೆಯುವಂಥದ್ದು ಏನೂ ಇಲ್ಲ.

ಆಗಸ್ಟ್ 4, ಸೋಮವಾರ

ಕಸ್ಟಮ್ಸಿನವರ ಉತ್ತರ ಬಂತು. ಅವರು ಮೊದಲು ಪಾರ್ಸೆಲ್ ಬಿಚ್ಚಿ ನೋಡಿದಾಗ ಬರೆದಿಟ್ಟ ಪ್ರಕಾರ ಕುತ್ತಿಗೆಯಿಂದ ಪಾದದವರೆಗೆ ಮುಂದೆ ಗುಂಡಿಗಳಿವೆ, ಎರಡು ಕಿಸೆ ಇವೆ, ನಡುವಿಗೆ ಪಟ್ಟಿ ಇದೆ. ಇಂಥ ಉಡುಪು ತೊಟ್ಟು ಹೊರಗೆ ಓಡಾಡಬಹುದಾದ್ದರಿಂದ ಮಲಗುವ ಉಡುಪೆಂದು ಒಪ್ಪಲಾಗದು. ಮಲಗುವುದಕ್ಕೇ ಎಂದಾದರೆ ಯಾರಿಗೆ, ಯಾಕೆ, ಈ ಮಾದರಿಯೇ ಯಾಕೆ ಬೇಕು ಎಂಬ ವಿವರವಾದ ಹೇಳಿಕೆ ಬೇಕು. ಅದರ ಮೇಲೆ ಹೆಬ್ಬೆಟ್ಟು, ಸಾಕ್ಷಿಯ ಸಹಿ, ಜೊತೆಗೆ ವೈದ್ಯರ ಪತ್ರ. ಆಗಸ್ಟ್ ಕೊನೆಯೊಳಗೆ ತಲುಪದಿದ್ದರೆ ಪಾರ್ಸೆಲ್ ಮಸ್ಕತ್‌ಗೆ ವಾಪಸು.

ರಜಿಯಾಬಿಗೆ ಓದಿ ಹೇಳಿದೆ. ಅವಳಿಗೆ ಸಿಟ್ಟು ಬಂತು.

“ಎದ್ದು ಅಡ್ಡ್ಯಾಡೂದಾಗಿದ್ರ ನಮ್ಮ ಅಮ್ಮಾಗ ಇದ್ಯಾಕ ಬೇಕಿತ್ರಿ? ಸೀರಿ ತೊಯ್ದು ತೊಯ್ದು ಬೆನ್ನಾಗ ಹುಣ್ಣಾಗೇತ್ರಿ. ಡಾಕ್ಟರು ಒಣಾ ಇಡ್ರಿ, ಗಾಳಿ ಆಡಲಿ ಅಂತಾರ. ಸೀರಿ ಸುತ್ತಿದ ಮ್ಯಾಲೆ ಗಾಳಿ ಎಲ್ಲಿಂದ ಆಡಬೇಕ್ರಿ? ಅರಿವಿ ನಿಮ್ಮ ಕಪಾಟದಾಗ ಅದಾವು, ಹುಣ್ಣು ನಮ್ಮ ಮನ್ಯಾಗ ಬೆಳೀಲಿಕತ್ತೇತಿ.”

ಅವಳು ಹೋದ ಮೇಲೆ ಬೀರುವಿನ ಕಡೆ ನೋಡದೆ ಕೆಲಸ ಮಾಡಿದೆ. ಹೇಳಿಕೆ ಬರೆಯಬೇಕು. ಏನು ಬರೆಯುವುದು? ಹಾಸಿಗೆ ಹಿಡಿದವರಿಗೆ ಯಾವ ಬಟ್ಟೆ ಯಾಕೆ ಬೇಕೆಂದು ನನಗೇನು ಗೊತ್ತು?

ಆಗಸ್ಟ್ 6, ಬುಧವಾರ

ಲಕ್ಷ್ಮವ್ವ ನಾಳೆಯಿಂದ ಬರುವುದಿಲ್ಲ. ಅಳ್ನಾವರದ ಮಗಳಿಗೆ ಚೊಚ್ಚಿಲ ಹೆರಿಗೆ, ಒಂದೂವರೆ ತಿಂಗಳಾದರೂ ಬೇಕಂತೆ. ಬೇರೆ ಯಾರನ್ನಾದರೂ ನೋಡಿ ಕೊಟ್ಟು ಹೋಗು ಎಂದೆ.

“ಯಾರ್ನ ನೋಡ್ಲಿರಿ? ಸೊಂಟನೋವು ಅಂತ ಹೇಳಿ ಕರಕೊಂಡ ಬಂದ್ರ, ಬಂದಾಕಿ ನೋಡಿ ಓಡಿ ಹೋಗ್ತಾಳ.”

ಅವಳ ಸಂಬಳ ಎಣಿಸಿ ಕೊಟ್ಟೆ.

ಆಗಸ್ಟ್ 7, ಗುರುವಾರ

ನಾಲ್ಕೂವರೆಗೆ ಎದ್ದೆ. ನೀರು ಕಾಸಿದೆ. ಬೋಗುಣಿ ಹಿಡಿದು ಒಳಗೆ ಹೋದೆ. ಅವಳು ಎಚ್ಚರವಾಗಿದ್ದಳು. ಲಕ್ಷ್ಮವ್ವ ಬರುವುದಿಲ್ಲ, ನಾನೇ ಮಾಡಬೇಕು ಎಂದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಮಲಗಿದ ಮನುಷ್ಯರ ಸೀರೆ ಬಿಚ್ಚುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಒದ್ದೆ ಸೀರೆ ಮೈಗೆ ಅಂಟಿರುತ್ತದೆ. ಎತ್ತಿದರೆ ಮಾತ್ರ ಬರುತ್ತದೆ, ಒಬ್ಬನೇ ಎತ್ತಲು ಆಗುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುತ್ತಿಕೊಳ್ಳುತ್ತದೆ. ಕುಪ್ಪಸದ ತೋಳಿನಿಂದ ಬಲಗೈ ಬಿಡಿಸುವಾಗ ಅವಳ ಗಂಟಲಿನಿಂದ ಒಂದು ಸದ್ದು ಬಂತು. ಒಣ ಸೀರೆ ಉಡಿಸಲು ಮತ್ತೆ ಅಷ್ಟೇ ಹೊತ್ತು. ನಿರಿಗೆ ಗಂಟು ಕಟ್ಟಲು ಹೋದಾಗ ಬಲ ಸೊಂಟದ ಮೇಲೆ ಕೈ ತಾಗಿತು. ದೀಪ ಹತ್ತಿರ ತಂದು ನೋಡಿದೆ. ರೂಪಾಯಿಯಗಲದ ಹುಣ್ಣು. ಗಂಟು ಒತ್ತಿ ಒತ್ತಿ ಆದದ್ದು.

ಎಷ್ಟು ದಿನದ್ದೋ. ಲಕ್ಷ್ಮವ್ವ ‘ಹಂಗs ಅದಾರ್ರಿ’ ಎನ್ನುತ್ತಿದ್ದಳು, ನಾನು ಹೂಂ ಎಂದು ಊಟಕ್ಕೆ ಕೂಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಸಂಜೆ ಮತ್ತೆ ಅದೇ ಕೆಲಸ. ಬೆನ್ನು ಸತ್ತುಹೋಗಿದೆ.

ಆಗಸ್ಟ್ 11, ಸೋಮವಾರ

ಪಂಚಮಿ ಮುಗಿಯಿತು. ತಿರಕಪ್ಪನ ಮನೆಯಿಂದ ಉಂಡಿ ಬಂದಿದ್ದವು. ಶೇಂಗಾ ಉಂಡಿ ಪುಡಿ ಮಾಡಿ ಹಾಲಲ್ಲಿ ಕಲಸಿ ಚಮಚದಿಂದ ಕೊಟ್ಟೆ. ಎರಡು ಉಂಡಿ ತಿಂದಳು. ಮೊದಲಿನಿಂದಲೂ ಅವಳಿಗೆ ಶೇಂಗಾ ಉಂಡಿ ಎಂದರೆ ಪ್ರಾಣ. ದಣಿದಿದ್ದೇನೆ, ಇಷ್ಟು ಸಾಕು.

ಆಗಸ್ಟ್ 13, ಬುಧವಾರ

ಕಚೇರಿ ಮುಚ್ಚಿದ ಮೇಲೆ ಹಲೀಮಾಬಿಯ ಹೇಳಿಕೆ ಬರೆಯಲು ಕೂತೆ. ಡಾಕ್ಟರ ಪತ್ರ ಬಂದಿದೆ, ಅದರಲ್ಲಿ ಒಂದೇ ಸಾಲು: ಲಕ್ವಾ, ಹಾಸಿಗೆ ಬಿಟ್ಟು ಏಳಲಾರರು. ವಿವರವನ್ನು ನಾನೇ ತುಂಬಬೇಕು. ಹತ್ತು ಸಾಲಾದರೆ ಹೆಚ್ಚು ಎಂದುಕೊಂಡಿದ್ದೆ, ಮೂರು ಹಾಳೆ ತುಂಬಿತು. ಕನ್ನಡದಲ್ಲಿ ಬರೆದು ಪಕ್ಕದಲ್ಲೇ ಇಂಗ್ಲಿಷು ಮಾಡಿದೆ. ಎಲ್ಲಿಯೂ ಪೆನ್ನು ನಿಲ್ಲಲಿಲ್ಲ. ಕೊನೆಯ ಭಾಗದ ನಕಲು ಇಲ್ಲಿ ಇಟ್ಟುಕೊಳ್ಳುತ್ತೇನೆ:

‘ಈಕೆಗೆ ಈಗ ಹಗಲು ಎಂಬುದಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಮಲಗಿಯೇ ಇರುತ್ತಾರೆ. ಮೈ ಎತ್ತದೆ ಸೀರೆ ಬಿಚ್ಚಲು ಬರುವುದಿಲ್ಲ. ತಲೆಯ ಮೇಲಿಂದ ಹಾಕುವ ಅಂಗಿಗೆ ಕೈ ಎತ್ತಬೇಕು, ಬಲಗೈ ಏಳುವುದಿಲ್ಲ. ಬಲ ಸೊಂಟದ ಮೇಲೆ ಸೀರೆಯ ಗಂಟು ಒತ್ತಿ ರೂಪಾಯಿಯಗಲದ ಹುಣ್ಣಾಗಿದೆ. ಮುಂದೆ ಪೂರಾ ಗುಂಡಿಯಿದ್ದರೆ ಬಟ್ಟೆಯನ್ನು ಹಾಸಿ, ಅದರ ಮೇಲೆ ಹೊರಳಿಸಿ, ಎರಡೂ ಕಡೆಯಿಂದ ಮುಚ್ಚಬಹುದು. ಬಟ್ಟೆ ಬದಲಿಸುವಾಗ ಈಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಆ ಹೊತ್ತು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಈ ಉಡುಪು ತೊಟ್ಟು ಹೊರಗೆ ಓಡಾಡಬಹುದು ಎಂದು ತಾವು ಬರೆದಿದ್ದೀರಿ. ಈಕೆ ಹೊರಗೆ ಓಡಾಡುವ ದಿನ ಬಂದರೆ ತಮ್ಮ ಸುಂಕವನ್ನು ಪೂರ್ತಿಯಾಗಿ, ಸಂತೋಷದಿಂದ ಕಟ್ಟುತ್ತೇವೆ.’

ಕೊನೆಯ ಸಾಲು ಸರಕಾರಿ ಕಾಗದಕ್ಕೆ ಒಪ್ಪುವಂಥದ್ದಲ್ಲ. ಹೊಡೆದುಹಾಕಬೇಕೆಂದುಕೊಂಡೆ, ಹಾಕಲಿಲ್ಲ.

ಆಗಸ್ಟ್ 14, ಗುರುವಾರ

ಹೆಬ್ಬೆಟ್ಟು ಒತ್ತಿಸುವ ಮೊದಲು ಓದಿ ಹೇಳಬೇಕೆಂಬುದು ನಿಯಮ. ಸಂಜೆ ಹಲೀಮಾಬಿಯ ಮನೆಗೆ ಹೋದೆ. ಕಿಟಕಿಯ ಪಕ್ಕ ಹೊರಸು, ಅದರ ಮೇಲೆ ನಾಲ್ಕು ಮಡಿಕೆ ಕೌದಿ. ಹಲೀಮಾಬಿ ದೊಡ್ಡ ಆಳು, ಬಾಯಿ ಅದಕ್ಕಿಂತ ದೊಡ್ಡದು. ಮಲಗಿದಲ್ಲಿಂದಲೇ ಮಗಳಿಗೆ ಚಹಾ ಇಡಲು, ಕೋಳಿ ಅಟ್ಟಲು, ಮಾಸ್ತರರಿಗೆ ಕುರ್ಚಿ ಹಾಕಲು ಒಂದೇ ಉಸಿರಿನಲ್ಲಿ ಹೇಳಿದಳು.

ನಾನು ಓದಿದೆ. ಅಂಥ ಸಂಗತಿಗಳನ್ನು ಒಬ್ಬ ಹೆಂಗಸಿನ ಎದುರು ಕೂತು ಓದುವುದು ಸುಲಭವಲ್ಲ, ಕಾಗದದಿಂದ ತಲೆ ಎತ್ತಲಿಲ್ಲ. ಕೊನೆಯ ಸಾಲಿಗೆ ಹಲೀಮಾಬಿ ಜೋರಾಗಿ ನಕ್ಕಳು.

“ಅಗದಿ ಚಲೋ ಬರದೀರಿ ಮಾಸ್ತರ್ರ. ಆದ್ರ ಈ ಬಲಗೈ ಯಾರದ್ರಿ?”

ತಲೆ ಎತ್ತಿದೆ. ಅವಳು ಬಲಗೈಯನ್ನು ಮೇಲೆತ್ತಿ ನನ್ನ ಮುಂದೆ ಹಿಡಿದಿದ್ದಳು.

“ಇದು ಚಲೋ ಐತ್ರಿ. ಬಿದ್ದದ್ದು ಎಡಗೈ. ಹುಣ್ಣು ಬೆನ್ನಾಗ ಐತಿ, ಸೊಂಟದ ಮ್ಯಾಲಲ್ಲ. ಮತ್ತ ಗ್ವಾಡಿ ಕಡೆ ಮಾರಿ ತಿರುಗಸಾಕಿ ನಾ ಅಲ್ಲೇ ಅಲ್ರಿ. ಅರಿವಿ ಹಾಕೂದು ಮುಗಿಯೂ ಮಟಾ ನಾ ರಜಿಯಾಗ ಬೈಕೋತನ ಇರತೀನಿ.”

ಅವಳದೆಂದುಕೊಂಡು ಮೂರು ಹಾಳೆ ಬರೆದಿದ್ದೆ, ಒಂದು ಸಾಲೂ ಅವಳದಾಗಿರಲಿಲ್ಲ. ತಪ್ಪಾಗಿದೆ, ಹರಿದುಹಾಕಿ ಬೇರೆ ಬರೆಯುತ್ತೇನೆ ಎಂದೆ.

“ಆಕಿ ಹೆಸರೇನ್ರಿ?”

“ರೇಣುಕವ್ವ.”

“ಭಾಳ ತ್ರಾಸ ಪಡತಾಳೇನ್ರಿ?”

“ಮಾತ ಹೋಗ್ಯಾವ್ರಿ ಅಕ್ಕಾರ. ಹೇಳಾಕ ಬರಂಗಿಲ್ಲ. ನಾನೂ ಕೇಳಿದ್ದಿಲ್ಲ.”

ಇಷ್ಟು ಹೇಳುವಾಗ ಕಣ್ಣು ತುಂಬಿ ಬಂದವು. ರಜಿಯಾಬಿ ಒಳಗೆ ಹೋದಳು. ಹಲೀಮಾಬಿ ಹೇಳಿದಳು:

“ಊರಿಗೆಲ್ಲಾ ಗೊತ್ತೈತ್ರಿ ಮಾಸ್ತರ್ರ. ನಿಮಗ ಹೇಳೂ ಮನಸ್ಸಿಲ್ಲ ಅಂತ ಎಲ್ಲಾರೂ ಸೊಂಟಾನ ಕೇಳತಾರ.”

ನಾನು ಕಾಗದ ಮಡಚುವಷ್ಟರಲ್ಲಿ ಅವಳು ಮಗಳಿಂದ ಮಸಿ ತರಿಸಿ ಹೆಬ್ಬೆರಳು ಅದ್ದಿಯಾಗಿತ್ತು. ತಿದ್ದುತ್ತೇನೆ ತಡೆಯಿರಿ ಎಂದರೂ ಕೇಳದೆ, ಮೂರೂ ಹಾಳೆಯ ಮೇಲೆ ಒಂದೊಂದಾಗಿ ಒತ್ತಿದಳು.

“ಇರಲಿ ಬಿಡ್ರಿ. ಎಡದ್ದಾದ್ರೇನು, ಬಲದ್ದಾದ್ರೇನು? ಖರೇನ ಐತಿ.”

ಸಾಕ್ಷಿಯ ಸಹಿ ನನ್ನದು. ಮೂವತ್ತೊಂದು ವರ್ಷ ಒಂದು ಮನಿಯಾರ್ಡರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ವಾಪಸು ಕಳಿಸಿದವನು ನಾನು. ಸಹಿ ಹಾಕಿದೆ, ನಾಳಿನ ರಜೆ ಕಳೆದ ಮೇಲೆ ರಿಜಿಸ್ಟರ್ ಮಾಡಿ ಕಳಿಸಬೇಕು.

ಮನೆಗೆ ಬಂದು ರೇಣುಕವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಬಾಯಿ ಒಂದು ಕಡೆಗೆ ಎಳೆದಿರುವುದರಿಂದ ಅವಳಿಗೆ ಎರಡೂ ಒಂದೇ ಥರ ಆಗುತ್ತವೆ.

ಆಗಸ್ಟ್ 24, ಭಾನುವಾರ

ಪಡಸಾಲೆ ಸೋರುತ್ತದೆಂದು ಹಾಸಿಗೆಯನ್ನು ಒಳಗೆ ರೇಣುಕವ್ವನ ಮಂಚದ ಪಕ್ಕಕ್ಕೆ ತಂದುಕೊಂಡೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಂತೆ, ರಜಿಯಾಬಿ ಹೇಳಿದ್ದು. ಕೆಲಸದ ಕೈಗಿಂತ ಬಿದ್ದ ಕೈಗೆ ಮೊದಲು ತೋಳು ಏರಿಸಬೇಕು, ಬಿಚ್ಚುವಾಗ ಅದನ್ನೇ ಕೊನೆಗೆ ಬಿಚ್ಚಬೇಕು. ಇದೂ ಅವಳೇ ಹೇಳಿದ್ದು. ಇಷ್ಟು ದಿನ ತಿರುವುಮುರುವು ಮಾಡಿ ನೋಯಿಸುತ್ತಿದ್ದೆ.

ನಿನ್ನೆ ತಿರಕಪ್ಪ ಸೊಂಟ ಹೇಗಿದೆ ಎಂದ. ಸೊಂಟದ ಮೇಲಿನ ಹುಣ್ಣು ಮಾಯುತ್ತಿದೆ, ಮಾತು ಮಾತ್ರ ಇನ್ನೂ ಇಲ್ಲ ಎಂದೆ. ಪತ್ರ ವಿಂಗಡಿಸುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನು ನೋಡಿದ. ಯಾಕೆ ನೋಡಿದನೋ. ನಿದ್ದೆ ಸಾಲುತ್ತಿಲ್ಲ, ಮುಖ ಬಾಡಿರಬೇಕು.

ಸೆಪ್ಟೆಂಬರ್ 3, ಬುಧವಾರ

ಉತ್ತರವಿಲ್ಲ. ರಜಿಯಾಬಿ ದಿನವೂ ಬಂದು ಬಾಗಿಲಲ್ಲೇ ನಿಂತು ಕಣ್ಣಿನಲ್ಲೇ ಕೇಳುತ್ತಾಳೆ. ಇಲ್ಲ ಎಂದು ತಲೆ ಆಡಿಸುತ್ತೇನೆ. ಹಲೀಮಾಬಿಯ ಬೆನ್ನಿನಲ್ಲಿ ಎರಡನೆಯ ಹುಣ್ಣು ಶುರುವಾಗಿದೆಯಂತೆ. ನನ್ನ ಕೊನೆಯ ಸಾಲು ಓದಿ ಕಸ್ಟಮ್ಸ್ ಸಾಹೇಬರಿಗೆ ಸಿಟ್ಟು ಬಂದಿದ್ದರೆ? ಕೈ ಸುಮ್ಮನಿರಲಾರದೆ ಬರೆದೆ, ಅನುಭವಿಸುವವಳು ಅವಳು.

ಸೆಪ್ಟೆಂಬರ್ 12, ಶುಕ್ರವಾರ

ಬಂತು. ‘ಮಲಗುವ ಉಡುಪು, ರೋಗಿಯ ಸ್ವಂತ ಬಳಕೆಗೆ’ ಎಂದು ಒಪ್ಪಿದ್ದಾರೆ. ಸುಂಕ ನಲವತ್ತೆರಡು ರೂಪಾಯಿ. ಕೆಳಗೆ ಷರತ್ತು: ಮಾರತಕ್ಕದ್ದಲ್ಲ, ಬೇರೆಯವರಿಗೆ ಕೊಡತಕ್ಕದ್ದಲ್ಲ. ನಾನೇ ತಿರಕಪ್ಪನನ್ನು ಓಡಿಸಿ ರಜಿಯಾಬಿಯನ್ನು ಕರೆಸಿದೆ. ಸೆರಗಿನ ಗಂಟು ಬಿಚ್ಚಿ ಸುಂಕ ಕೊಟ್ಟಳು, ಪಾರ್ಸೆಲನ್ನು ಎದೆಗೆ ಅವಚಿಕೊಂಡು ಮಳೆಯಲ್ಲೇ ಹೊರಟುಹೋದಳು. ರಸೀದಿ ಬಿಟ್ಟು ಹೋಗಿದ್ದಾಳೆ.

ಸೆಪ್ಟೆಂಬರ್ 14, ಭಾನುವಾರ

ಸಂಜೆ ರಜಿಯಾಬಿ ಮನೆಗೆ ಬಂದಳು. ಕಂಕುಳಲ್ಲಿ ಕಾಗದದ ಸುರುಳಿ. ರಸೀದಿಗೆ ಬಂದಿರಬೇಕೆಂದು ತೆಗೆದುಕೊಟ್ಟೆ. ಅವಳು ಸುರುಳಿ ಬಿಚ್ಚಿದಳು. ತಿಳಿನೀಲಿ ಗೌನು, ಬಿಳಿ ಗುಂಡಿಗಳು.

ತೆಗೆದುಕೊಳ್ಳಲು ಬರುವುದಿಲ್ಲ ಎಂದೆ. ಷರತ್ತು ಓದಿ ಹೇಳಿದ್ದೇನೆ, ಬೇರೆಯವರಿಗೆ ಕೊಡಬಾರದು, ಸಾಕ್ಷಿ ಹಾಕಿದ ನಾನೇ ತೆಗೆದುಕೊಂಡರೆ ಹೇಗೆ?

“ನಾನೂ ಅದನ್ನ ಹೇಳಿದೆ ಅಮ್ಮಾಗ. ಅಮ್ಮಾ ಏನಂದ್ರು ಗೊತ್ತೇನ್ರಿ? ‘ಬ್ಯಾರೇದವರಿಗೆ ಎಲ್ಲಿ ಕೊಡಾಕತ್ತೀನಿ? ಅರ್ಜಿ ತುಂಬಾ ಆಕಿ ಕೈ, ಆಕಿ ಹುಣ್ಣು. ಸಾಹೇಬ ಓದಿ ಸುಂಕ ಬಿಟ್ಟದ್ದು ಆಕೀದು. ನಂದಂತ ಹೆಬ್ಬಟ್ಟಷ್ಟ ಐತಿ. ಖರೇ ಅಂದ್ರ ಆರೂ ಆಕೀವ. ಐದು ನಾ ಇಟಗೊಂಡೇನಿ ಅಂತ ಹೇಳು’ 
ಅಂದ್ರು.”

ಕೈ ಚಾಚಿ ತೆಗೆದುಕೊಂಡೆ. ಬಾ, ಒಳಗೆ ಬಂದು ನೋಡಿ ಹೋಗು ಎಂದು ಕರೆದೆ. ರಜಿಯಾಬಿ ಮಂಚದ ಅಂಚಿನಲ್ಲಿ ಕೂತು ರೇಣುಕವ್ವನ ಜೊತೆ ಬಹಳ ಹೊತ್ತು ಒಬ್ಬಳೇ ಮಾತಾಡಿದಳು.

ಸೆಪ್ಟೆಂಬರ್ 15, ಸೋಮವಾರ

ಬೆಳಿಗ್ಗೆ ಗೌನು ಹಾಸಿದೆ. ಹೊರಳಿಸಿದೆ. ಬಲಗೈ ಮೊದಲು, ಆಮೇಲೆ ಎಡಗೈ. ನೋವಿನ ಸದ್ದು ಬರಲಿಲ್ಲ. ಹಲೀಮಾಬಿಯ ಅಳತೆಯದು, ರೇಣುಕವ್ವನಿಗೆ ಇಬ್ಬರಷ್ಟು ದೊಗಳೆ, ಪಾದ ದಾಟಿ ಗೇಣುದ್ದ ಮಿಕ್ಕಿತು. ಕೆಳಗಿನಿಂದ ಗುಂಡಿ ಹಾಕುತ್ತ ಬಂದೆ. ಎದೆಯ ಹತ್ತಿರ ಬಂದಾಗ ಅವಳು ಎಡಗೈಯಿಂದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

ಮುಖ ಗೋಡೆಯ ಕಡೆ ಇರಲಿಲ್ಲ. ಗದ್ದವನ್ನು ಎದೆಗೆ ಒತ್ತಿ, ನಾಲಿಗೆ ಕಚ್ಚಿಕೊಂಡು, ಒಂದೇ ಕೈಯಿಂದ ಗುಂಡಿಯನ್ನು ಕಾಜಿನ ತೂತಿನ ಮೇಲೆ ತಂದು ನೂಕಿದಳು. ಜಾರಿತು. ಮತ್ತೆ ತಂದಳು, ಮತ್ತೆ ಜಾರಿತು. ನನ್ನ ಬೆರಳು ತಾವಾಗಿಯೇ ಮುಂದೆ ಹೋದವು. ಅವಳು ನನ್ನನ್ನು ನೋಡಿದ ನೋಟಕ್ಕೆ ಹಿಂದೆ ಬಂದವು. ಆ ನೋಟ ನನಗೆ ಗೊತ್ತಿರುವಂಥದ್ದೇ. ಅಡುಗೆಮನೆಯಲ್ಲಿ ಕೈ ಹಾಕಲು ಹೋದಾಗ ನೋಡುತ್ತಿದ್ದದ್ದು.

ಎಂಟು ಗಂಟೆ ಹೊಡೆಯಿತು. ಹೊರಗೆ ತಿರಕಪ್ಪ ಬೀಗದ ಕೈಗಾಗಿ ಎರಡು ಸಲ ಕೂಗಿದ. ಬರುತ್ತೇನೆ, ನಿಲ್ಲು ಎಂದೆ. ಇನ್ನೂ ಮೂರು ಗುಂಡಿಗಳು ಉಳಿದಿದ್ದವು. ಮೂರನ್ನೂ ಅವಳೇ ಹಾಕಿದಳು.

ಕಚೇರಿ ನಲವತ್ತು ನಿಮಿಷ ತಡವಾಗಿ ತೆರೆಯಿತು. ಕಾರಣ ಬರೆಯುವ ಕಾಲಂನಲ್ಲಿ ‘ಹೆಂಡತಿ ಉಡುಪು ಹಾಕಿಕೊಳ್ಳುತ್ತಿದ್ದಳು’ ಎಂದು ಬರೆದೆ.